ಒಂಬತ್ತು ನಿಮಿಷದ ಕಂಪ್ಯೂಟರ್

ಸೂರತ್ತಿನ ವಿಮಾ ಕಚೇರಿಯ ಕಂಪ್ಯೂಟರ್ ಶುರುವಾಗಲು ಒಂಬತ್ತು ನಿಮಿಷ ಬೇಕಿತ್ತು. ಅದು ಒಂದೊಂದು ಡಿಸ್ಕಿಗೂ ಅಪ್ಪಣೆ ಕೊಟ್ಟು, ಉತ್ತರ ಬರುವ ತನಕ ಕೈಕಟ್ಟಿ ಕೂರುತ್ತಿತ್ತು. ಎದುರಿನ ಉಡುಪಿ ಹೋಟೆಲಿನ ಮಾಣಿ ಹೀಗೆ ಒಂದೇ ದೋಸೆಗಾಗಿ ಒಲೆ ಮುಂದೆ ನಿಂತರೆ ಗಿರಾಕಿಗಳು ಎದ್ದು ಹೋಗುತ್ತಾರೆಂದು ಇಂಜಿನಿಯರ್ ನಳಿನಿಗೆ ಸಿಟ್ಟು. ಅವಳು ಯಂತ್ರವನ್ನು ಶುರುಮಾಡುವ ಬಯೋಸ್ ಎಂಬ ತಂತ್ರಾಂಶವನ್ನು ತಿದ್ದಿ ಅಪ್ಪಣೆಗಳನ್ನೆಲ್ಲ ಒಟ್ಟಿಗೇ ಹೊರಡಿಸಿದಳು. ಯಂತ್ರ ಅರ್ಧ ನಿಮಿಷದಲ್ಲಿ ಸಿದ್ಧವಾಯಿತು.

ಮ್ಯಾನೇಜರ್ ಹನುಮಂತರಾಯರ ಮುಖ ಸಣ್ಣದಾಯಿತು. “ಅಲ್ಲಮ್ಮಾ, ಚಹಾ ಬರೋಕೆ ಒಂಬತ್ತು ನಿಮಿಷ ಬೇಕಲ್ಲ. ಅಲ್ಲೀತನಕ ಏನು ಮಾಡೋದು?”

“ಕೆಲಸ, ಸರ್.”

“ಚಹಾ ಇಲ್ಲದೇನೇ?”

ನಳಿನಿ ಹಲ್ಲು ಕಚ್ಚಿಕೊಂಡು ಮತ್ತೆ ಬಯೋಸ್ ತಿದ್ದಿದಳು. ಡಿಸ್ಕುಗಳೆಲ್ಲ ಸಿದ್ಧವಾದ ಮೇಲೆ ಪರದೆಯಲ್ಲಿ ‘ಚಹಾ ಬಂತೇ?’ ಎಂಬ ಪ್ರಶ್ನೆ ಮೂಡತೊಡಗಿತು. ಬಂತೆನ್ನುವ ತನಕ ಯಂತ್ರ ಕೈಕಟ್ಟಿ ಕೂರುತ್ತಿತ್ತು.

ಮುಂದಿನ ವಾರ ವಡೋದರಾ ಶಾಖೆಯಿಂದ ಪತ್ರ ಬಂತು: ನಮಗೂ ಅದೇ ಬೇಕು, ‘ಬಿಸಿಯಿದೆಯೇ?’ ಎಂದೂ ಕೇಳಲಿ.