ಬೆಚ್ಚಗಾಗುವವರೆಗೆ

ಫ್ರೀಜರ್‌ನ ಮೂಲೆಯಲ್ಲಿ ಹೆಪ್ಪುಗಟ್ಟಿ ಕೂತಿದ್ದ ಡಬ್ಬಿಯನ್ನು ಅತ್ತೆ ಚಮಚದಿಂದ ಮೀಟುತ್ತಿದ್ದರು. ನಿನ್ನೆ ಮಗ ಥನೇತ್‌ನ ಅಂತ್ಯಕ್ರಿಯೆಗೆ ಮಾಡಿಸಿದ ಕೋಳಿಸಾರು ಮಿಕ್ಕಿತ್ತು. ಅದಕ್ಕೆ ಜಾಗ ಬೇಕಿತ್ತು.

"ಇದೇನೇ ವಿಪಾದಾ, ಮೀನುಂಡೆ ಡಬ್ಬೀಲಿ ಔಷಧಿ ಇಟ್ಟಿದಾನೆ? ತೆಗೆದು ನೋಡ್ಲಾ?"

"ಮುಚ್ಚಳ ಮುಟ್ಟಬೇಡಿ, ಅಮ್ಮ."

ಬೆಳ್ಳಿ ಕಾಗದದೊಳಗೆ ಹೆಬ್ಬೆರಳಿನಷ್ಟು ಗಾಜಿನ ಬಾಟಲಿ. ಮೇಲಿನ ಚೀಟಿಯಲ್ಲಿ ಗಂಡನ ಪಕ್ಕದ ಪ್ರಯೋಗಾಲಯದ ಪ್ರಾಧ್ಯಾಪಕಿ, ಆಚಾನ್ ಒರಸಾ ಅವರ ಹೆಸರು. ವಿಪಾದಾಳಿಗೆ ಅಳು ಬರಲಿಲ್ಲ, ರೇಗಿತು. ಛತ್ರಿ, ಡ್ರಿಲ್, ಎದುರುಮನೆಯ ಏಣಿ. ಎರವಲು ತಂದದ್ದನ್ನು ಥನೇತ್ ಎಂದಾದರೂ ತಾನಾಗಿ ವಾಪಸು ಕೊಟ್ಟಿದ್ದನೇ? ನಿದ್ದೆಯಲ್ಲೇ ಹೃದಯ ನಿಂತು ಹೋದವನನ್ನು ಈಗ ಬೈಯುವುದಾದರೂ ಹೇಗೆ.

*

ನಿನ್ನೆ ಬೌದ್ಧ ವಿಹಾರದಲ್ಲಿ, ಚಿತೆಗಿಡುವ ಕಾಗದದ ಹೂವನ್ನು ಕೈಯಲ್ಲಿ ಹಿಡಿದೇ ನುವಾನ್ ಪಿಸುಗುಟ್ಟಿದ್ದಳು. ಅವಳು ಒರಸಾ ಅವರ ಸಹಾಯಕಿ.

"ಅಕ್ಕ, ಈಗ ಕೇಳಬಾರದು, ಗೊತ್ತು. ಅಣ್ಣ ಒಂದು ಬಾಟಲಿ ತಗೊಂಡಿದ್ರಾ? ಲ್ಯಾಬಲ್ಲಿ ಕರೆಂಟ್ ತೆಗೆದ ದಿನ ಅಲ್ಲಿನ ಫ್ರೀಜರ್ ಖಾಲಿ ಮಾಡಿದ್ದು ನಾನು. ನಾನೇ ಬಿಸಾಕಿದೆ ಅಂತಿದಾರೆ ಆಚಾನ್. ನಾಳೆ ನನ್ನ ಕೆಲಸದ ತೀರ್ಮಾನ."

"ಅವರನ್ನೇ ಕೇಳು," ಎಂದು ವಿಪಾದಾ ಶವಪೆಟ್ಟಿಗೆಯ ಕಡೆ ಗಲ್ಲ ಎತ್ತಿ ತೋರಿಸಿದ್ದಳು.

ಹಿಂದೆ ನಿಂತಿದ್ದ ಥನೇತ್‌ನ ಗೆಳೆಯ ಮೂಗು ಒರೆಸಿಕೊಳ್ಳುತ್ತ, "ಕೇಳಿದ್ರೆ ಇನ್ನೂ ಬೆಚ್ಚಗಾಗಿಲ್ಲ ಅಂತಾನೆ," ಎಂದಿದ್ದ.

*

ಹಿಂದೊಮ್ಮೆ ಮದುವೆಯ ವಾರ್ಷಿಕೋತ್ಸವದ ಊಟಕ್ಕೆಂದು ವಿಪಾದಾ ಹೊಸ ಉಡುಪು ತೊಟ್ಟು ಗಂಡನ ಪ್ರಯೋಗಾಲಯಕ್ಕೆ ಹೋಗಿದ್ದಳು. ಥನೇತ್ ಇಂಥದೇ ಬಾಟಲಿಯ ಮುಂದೆ ಕೂತಿದ್ದ.

"ಈ ಪುಡಿಯ ಅಣುವಿಗೆ ಎರಡು ಕೈ. ಒಂದು ಈ ಪ್ರೋಟೀನ್ ಹಿಡಿಯುತ್ತೆ, ಇನ್ನೊಂದು ಆ ಪ್ರೋಟೀನ್. ತಣ್ಣಗಿರುವಾಗ ಮುಚ್ಚಳ ತೆಗೆದ್ರೆ ಗಾಳಿಯ ತೇವ ಒಳಗೆ ಹೋಗುತ್ತೆ. ಆಮೇಲೆ ಅದು ನೀರನ್ನೇ ಹಿಡ್ಕೊಂಡು ಕೆಟ್ಟುಹೋಗುತ್ತೆ."

"ನಮ್ಮ ಊಟ?"

"ಇನ್ನೂ ಬೆಚ್ಚಗಾಗಿಲ್ಲ."

ಅವರು ತಲುಪುವಷ್ಟರಲ್ಲಿ ಹೋಟೆಲು ಮುಚ್ಚಿತ್ತು.

*

ಬಾಟಲಿಯನ್ನು ಐಸಿನ ಡಬ್ಬಿಯಲ್ಲಿಟ್ಟುಕೊಂಡು ಇಂದು ಅವಳು ಸ್ಕೂಟರಿನಲ್ಲಿ ಒರಸಾ ಅವರ ಪ್ರಯೋಗಾಲಯಕ್ಕೆ ಹೋದಳು.

"ಮನೆ ಫ್ರೀಜರ್‌ನಲ್ಲಿ, ಮೀನಿನ ಜೊತೆಗಾ?" ಎಂದರು ಒರಸಾ.

"ಇಲ್ಲಿ ಕರೆಂಟ್ ಇರಲಿಲ್ಲವಲ್ಲ ಆಚಾನ್. ಕೆಡದಿರಲಿ ಅಂತ ಅವರು ಮನೆಗೆ ತಂದಿದ್ದಾರೆ. ಯಾರಿಗೂ ಒಂದು ಮಾತು ಹೇಳದೆ."

ಒರಸಾ ಬಾಟಲಿಯ ಮೇಲಿನ ಚೀಟಿ ಓದಿ, ಪಕ್ಕದಲ್ಲಿ ನಿಂತಿದ್ದ ನುವಾನ್ ಕಡೆ ತಿರುಗಿದರು. "ನುವಾನ್, ನಾಳೆ ಎಂದಿನ ಹಾಗೆ ಬಾ. ನಾನು ಹಾಗನ್ನಬಾರದಿತ್ತು."

"ಪುಡಿ ಚೆನ್ನಾಗಿದೆಯೋ ಇಲ್ಲವೋ," ಎನ್ನುತ್ತ ನುವಾನ್ ಮುಚ್ಚಳಕ್ಕೆ ಕೈ ಹಾಕಿದಳು. ವಿಪಾದಾ ಬಾಟಲಿಯ ಮೇಲೆ ಅಂಗೈ ಇಟ್ಟಳು.

"ಇನ್ನೂ ಬೆಚ್ಚಗಾಗಿಲ್ಲ."

ಒರಸಾ ಸ್ಟೂಲು ಎಳೆದು ಕೂತರು. ನುವಾನ್ ಕೂಡ. ಗಾಜು ಬೆವರಿ ವಿಪಾದಾಳ ಬೆರಳ ಸಂದಿಯಿಂದ ನೀರು ಮೇಜಿಗೆ ಇಳಿಯುತ್ತಿತ್ತು. ಅವಳು ಕೈ ತೆಗೆಯಲಿಲ್ಲ.