ನಿಂತ ಫಕೀರಪ್ಪನ ಡ್ರಮ್ಮು

ನಾನೊಂದು ಸೈಡ್ ಡ್ರಮ್ಮು. ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವನ ಎಡತೊಡೆಯ ಮೇಲೆ ಓರೆಯಾಗಿ ತೂಗಾಡುವ ಹಿತ್ತಾಳೆಯ ಜೀವ. ಹುಟ್ಟಿದ್ದು ದೂರದ ಮೀರತ್ತಿನಲ್ಲಿ. ಅಲ್ಲಿಯ ಕೆಲಸಗಾರನೊಬ್ಬ ತಗಡು ಬಗ್ಗಿಸಿ, ಬೆಸೆದು, ಎರಡೂ ಬದಿಗೆ ಮೇಕೆಯ ಚರ್ಮ ಬಿಗಿದು, ಕೆಳಬದಿಗೆ ತೆಳ್ಳನೆಯ ತಂತಿಗಳನ್ನು ಕಟ್ಟಿದ. ನನ್ನ ದನಿಯಲ್ಲಿರುವ ಸೊಕ್ಕೆಲ್ಲ ಆ ತಂತಿಗಳದ್ದೇ. ತುತ್ತೂರಿಗಳಿಗೆ ಬಾಯಿ ದೊಡ್ಡದು ನಿಜ. ಆದರೆ ನಾನು ಸುಮ್ಮನಾದರೆ ಅವುಗಳ ಗತಿ ಏನೆಂದು ಅವುಗಳನ್ನೇ ಕೇಳಿ ನೋಡಿ.

ಹುಲ್ಲು ಸುತ್ತಿಸಿಕೊಂಡು ರೈಲಿನಲ್ಲಿ ಗದಗಕ್ಕೆ ಬಂದೆ. ನನ್ನನ್ನು ತರಿಸಿದವರು ನವರತ್ನ ಬ್ಯಾಂಡಿನ ಮಾಸ್ತರ ಖಾದರಸಾಬರು. ಅವರು ನನ್ನನ್ನು ಹತ್ತೊಂಬತ್ತು ವರ್ಷದ ಫಕೀರಪ್ಪ ಭಜಂತ್ರಿಯ ಹೆಗಲಿಗೆ ಹಾಕಿದರು. ಅವನಪ್ಪ ಶಹನಾಯಿ ಊದುವವರು, ಮಗನಿಗೆ ಮಾತ್ರ ಬಡಿತದ ಹುಚ್ಚು. ಆದರೂ ಮಾಸ್ತರರು ಒಂದು ತಿಂಗಳು ಅವನ ಕೈಗೆ ಕೋಲು ಕೊಡಲಿಲ್ಲ. ದಿನಾ ಬೆಳಿಗ್ಗೆ ಸ್ಟೇಶನ್ನಿನಿಂದ ಕೆರೆಯವರೆಗೆ ನನ್ನನ್ನು ಹೊರಿಸಿ ಬರೀ ನಡೆಸಿದರು.

“ಕೋಲು ಆಮ್ಯಾಲೆ, ಮೊದಲ ಕಾಲು,” ಎಂದರು. “ಕಾಲು ತಪ್ಪಿದವಂಗ ತಾಳ ದಕ್ಕಂಗಿಲ್ಲ.”

ಫಕೀರಪ್ಪ ಆ ಮಾತನ್ನು ಮೈಗೆ ಹಚ್ಚಿಕೊಂಡುಬಿಟ್ಟ. ಕೋಲು ಸಿಕ್ಕಮೇಲೆ ಅವನ ಕೈ ಕಾಲನ್ನು ಕೇಳಿಯೇ ಬಾರಿಸುತ್ತಿತ್ತು. ಅವನು ಎದೆ ಸೆಟೆಸಿ ಮುಂದೆ ನೋಡುತ್ತ ನಡೆಯುವನು, ಕೆಳಗೆ ತೂಗಾಡುವ ನಾನು ಕಾಲುಗಳನ್ನು ನೋಡುವೆನು. ಹೊಸ ಬೂಟು ಕಚ್ಚಿ ಕುಂಟುವ ಮದುಮಕ್ಕಳು, ಕುಣಿಯುತ್ತ ಚಪ್ಪಲಿ ಕಳೆದುಕೊಳ್ಳುವ ಸೋದರಮಾವಂದಿರು, ಎಷ್ಟೊಂದನ್ನು ಕಂಡೆ. ಮೊದಲ ಏಟಿಗೇ ಅಷ್ಟೂ ಕಾಲುಗಳು ಹದಕ್ಕೆ ಬರುತ್ತಿದ್ದವು. ಇದೆಲ್ಲ ನನ್ನದೇ ಪ್ರತಾಪ ಎಂದು ನಾನು ಬೀಗುತ್ತಿದ್ದೆ. ತನ್ನ ಮದುವೆಗೂ ತಾನೇ ಬಾರಿಸುತ್ತೇನೆಂದು ಫಕೀರಪ್ಪ ಹಟ ಹಿಡಿದಿದ್ದ. ಹಿರಿಯರು ಬೈದು ನೀಲವ್ವನ ಪಕ್ಕಕ್ಕೆ ಕೂಡಿಸಬೇಕಾಯಿತು.

ಹತ್ತು ವರ್ಷ ಹೀಗೆ ಕಳೆದ ಮೇಲೆ ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಿಂದ ಕರೆ ಬಂತು. ಖಾದರಸಾಬರು ತಡೆಯಲಿಲ್ಲ. ನನ್ನನ್ನೂ ಅವನಿಗೇ ಕೊಟ್ಟು ಕಳಿಸಿದರು. ಅಲ್ಲಿ ನನಗೊಂದು ಸ್ಟ್ಯಾಂಡು, ಅವನಿಗೊಂದು ಸ್ಟೂಲು. ಕೂತು ಬಾರಿಸಿದ್ದೇ ತಡ, ಫಕೀರಪ್ಪನ ತಾಳ ಕಿತ್ತುಕೊಂಡು ಓಡಿತು. ಹಾಡುವ ಹುಡುಗಿ ಪಲ್ಲವಿಯಲ್ಲಿದ್ದರೆ ನಾವು ಆಗಲೇ ಚರಣ ಮುಗಿಸುತ್ತಿದ್ದೆವು. ಆರ್ಕೆಸ್ಟ್ರಾ ನಡೆಸುತ್ತಿದ್ದ ವಸಂತರಾಯರು ಮೂರು ದಿನ ನೋಡಿ, ಊರಿಗೆ ಹೋಗುವ ಬಸ್ಸು ಎಷ್ಟು ಹೊತ್ತಿಗಿದೆ ಎಂದು ಮೆಲ್ಲಗೆ ವಿಚಾರಿಸಿದರು. ನನಗೆ ನಾಚಿಕೆಯಿಂದ ಚರ್ಮವೇ ಸಡಿಲಾಯಿತು.

ಫಕೀರಪ್ಪ ಎದ್ದ. ಕಾಲಿನಿಂದ ಸ್ಟೂಲನ್ನು ಆಚೆ ತಳ್ಳಿದ. ನಿಂತಲ್ಲೇ ಎಡ ಬಲ ಹೆಜ್ಜೆ ಹಾಕುತ್ತ ಬಾರಿಸತೊಡಗಿದ. ತಾಳ ಕಲ್ಲಿನ ಮೇಲೆ ಕೆತ್ತಿದ ಹಾಗೆ ನಿಂತಿತು. ಮೊದಲ ಕಾರ್ಯಕ್ರಮದಲ್ಲಿ ಜನ ನಕ್ಕರು, ಎರಡನೆಯದರಲ್ಲಿ ಶಿಳ್ಳೆ ಹೊಡೆದರು. ಆಮೇಲೆ ಹದಿನೆಂಟು ವರ್ಷ ಪೋಸ್ಟರುಗಳಲ್ಲಿ ‘ನಿಂತ ಫಕೀರಪ್ಪ’ ಎಂದೇ ಅಚ್ಚಾಯಿತು. ನನ್ನ ಚರ್ಮ ಹೋಗಿ ಪ್ಲಾಸ್ಟಿಕ್ ಬಂತು, ಬೀದರದಿಂದ ಕಾರವಾರದವರೆಗೆ ಸುತ್ತಿದೆ. ಕೊನೆಗೆ ಆರ್ಕೆಸ್ಟ್ರಾಕ್ಕೆ ತಾಳ ಹಾಕುವ ಮಶಿನ್ ಬಂದಾಗ ನಾವಿಬ್ಬರೂ ಗದಗಕ್ಕೆ ಮರಳಿದೆವು. ಖಾದರಸಾಬರು ತೀರಿಹೋಗಿದ್ದರು. ಅವರ ಮಗ ಇಮಾಮಸಾಬ ನವರತ್ನ ಬ್ಯಾಂಡಿನಲ್ಲಿ ನಮ್ಮ ಜಾಗವನ್ನು ಹಾಗೇ ಇಟ್ಟಿದ್ದ.

ಅರವತ್ತೊಂದನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ ಫಕೀರಪ್ಪನ ಬಲಗಾಲನ್ನು ಮೊಣಕಾಲಿನಿಂದ ಕೆಳಗೆ ಕಸಿದುಕೊಂಡಿತು. ಕಾಲಿಲ್ಲದವನಿಗೆ ತಾಳವೆಲ್ಲಿಯದು ಎಂದುಕೊಂಡು ಅವನು ನನ್ನತ್ತ ನೋಡುವುದನ್ನೇ ಬಿಟ್ಟ. ನೀಲವ್ವ ನನ್ನನ್ನು ಒಲೆಯ ಮೂಲೆಗೆ ಸರಿಸಿ, ಮೇಲೆ ಉಳ್ಳಾಗಡ್ಡಿ ಬುಟ್ಟಿ ಇಟ್ಟಳು. ಎರಡು ವರ್ಷ ಬುಟ್ಟಿ ಹೊತ್ತೆ. ಗಂಡನಿಗೆ ಹೆಗಲು ಕೊಟ್ಟು ಅವಳು ಅಂಗಳದಲ್ಲಿ ನಡೆಸುವ ಸಪ್ಪಳವನ್ನು ದಿನವೂ ಕೇಳುತ್ತಿದ್ದೆ. ನನಗೆ ಅಳುವ ಕಣ್ಣಿರಲಿಲ್ಲ, ಅಷ್ಟೇ.

ಒಂದು ಮುಂಜಾನೆ ಇಮಾಮಸಾಬ ಬಂದ. ತನ್ನ ಮಗನ ಮದುವೆ, ಬ್ಯಾಂಡಿನ ತಳ್ಳುಗಾಡಿಯ ಮೇಲೆ ಕೂತು ಬಾರಿಸಬೇಕು ಎಂದು ಕೇಳಿದ. ಫಕೀರಪ್ಪ ಆಗುವುದಿಲ್ಲವೆಂದ. ಕೂತರೆ ತನ್ನ ಕೈ ಓಡುತ್ತದೆ, ಮೆರವಣಿಗೆ ಕೆಡುತ್ತದೆ ಎಂದ.

“ಕೆಟ್ಟರ ಕೆಡ್ಲಿ ಕಾಕಾ,” ಎಂದ ಇಮಾಮಸಾಬ. “ನಮ್ಮ ಅಪ್ಪನ ಮೊಮ್ಮಗನ ಮದುವಿ ನೀ ಇಲ್ದ ಹೊಂಡಂಗಿಲ್ಲ.”

ಮದುವೆಯ ದಿನ ಮಧ್ಯಾಹ್ನ ಗಾಡಿ ಹೊರಟಿತು, ಫಕೀರಪ್ಪ ಕೋಲು ಎತ್ತಿದ. ಅವನು ಹೆದರಿದಂತೆಯೇ ಆಯಿತು. ತಾಳ ಓಡಿತು, ತುತ್ತೂರಿಗಳು ಎಡವಿದವು, ಕುಣಿಯುವವರು ಒಬ್ಬರ ಕಾಲನ್ನೊಬ್ಬರು ತುಳಿದರು. ಎದುರು ಓಣಿಯಲ್ಲಿ ಬೇರೆ ಬ್ಯಾಂಡಿನ ಇಬ್ಬರು ನಿಂತು ನಗುತ್ತಿದ್ದರು. ಫಕೀರಪ್ಪ ಕೋಲುಗಳನ್ನು ನನ್ನ ಮೇಲೆ ಅಡ್ಡ ಇಟ್ಟ. ಇದೇ ಕೊನೆಯೆಂದು ನಾನೂ ನಂಬಿದೆ.

ಆಗ ಹೆಂಗಸರ ಗುಂಪಿನಿಂದ ನೀಲವ್ವ ಬಂದಳು. ಗಂಡಸರ ಬ್ಯಾಂಡಿನ ಮುಂದೆ ಹೆಣ್ಣುಮಗಳು ನಡೆದದ್ದನ್ನು ಆ ಓಣಿ ಕಂಡಿರಲಿಲ್ಲ. ಅವಳು ಸೆರಗು ಸಿಕ್ಕಿಸಿ, ಗಾಡಿಯ ಮುಂದೆ, ಅದಕ್ಕೆ ಬೆನ್ನು ಮಾಡಿ ನಿಂತಳು.

“ನನ್ನ ಕಾಲು ನೋಡ್ಕೋತ ಬಾರಸ್ರಿ,” ಎಂದಳು. “ಎರಡು ವರ್ಷದಿಂದ ಇವೇ ಅದಾವಲ್ಲ, ನಿಮ್ಮ ಕಾಲು.”

ಅವಳು ನಡೆದಳು. ಅಂಗಳದಲ್ಲಿ ಅವನನ್ನು ನಡೆಸುತ್ತಿದ್ದ ಅದೇ ಹೆಜ್ಜೆ, ಅವಸರವಿಲ್ಲ, ಅಳುಕಿಲ್ಲ. ಫಕೀರಪ್ಪ ತಲೆ ತಗ್ಗಿಸಿದ. ನಲವತ್ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವನೂ ನಾನೂ ಒಂದೇ ಕಡೆ ನೋಡಿದೆವು. ಕೋಲು ಬಿದ್ದಿತು. ನಾನು ಮೀರತ್ತಿನಲ್ಲಿ ಹುಟ್ಟಿದ ದಿನವೂ ಅಂಥ ದನಿ ತೆಗೆದಿರಲಿಲ್ಲ. ತುತ್ತೂರಿಗಳು ಸಾಲಿಗೆ ಬಂದವು, ಗಾಡಿ ತಳ್ಳುವವರ ಹೆಜ್ಜೆಯೂ ಕೂಡಿತು. ಇಮಾಮಸಾಬ ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು ಕಣ್ಣೊರೆಸಿಕೊಂಡ. ನಗುತ್ತಿದ್ದ ಇಬ್ಬರೂ ಟೋಪಿ ಸೊಂಟಕ್ಕೆ ಸಿಕ್ಕಿಸಿ ಕುಣಿಯಲು ಇಳಿದರು. ಸಂತೋಷಕ್ಕೆ ನನ್ನ ತಂತಿಗಳು ಹಾಡು ಮುಗಿದ ಮೇಲೂ ಗುಂಯ್‌ಗುಡುತ್ತಿದ್ದವು.

ಈಗ ನನಗೆ ವಯಸ್ಸಾಗಿದೆ. ಮೈತುಂಬ ತಗ್ಗು, ಎರಡು ಸ್ಕ್ರೂ ಬೇರೆ ಡ್ರಮ್ಮಿನವು. ಆದರೂ ಒಲೆಯ ಮೂಲೆಗೆ ಮರಳಿಲ್ಲ. ಸೀರೆಯ ಮೇಲೆ ಬ್ಯಾಂಡಿನ ಕೆಂಪು ಕೋಟು ತೊಟ್ಟ ನೀಲವ್ವ ಮುಂದೆ ನಡೆಯದೆ ನವರತ್ನ ಬ್ಯಾಂಡು ಎಲ್ಲಿಯೂ ಹೊರಡುವುದಿಲ್ಲ. ಕಾಲುಗಳು ನನ್ನನ್ನು ಕೇಳಿ ನಡೆಯುತ್ತವೆಂದು ಅರ್ಧ ಆಯುಷ್ಯ ಜಂಬಪಟ್ಟೆ. ಅದು ತಪ್ಪೆಂದು ತಿಳಿದದ್ದೇ ನನ್ನ ಬಾಳಿನ ದೊಡ್ಡ ಗೆಲುವು.

ಮೊನ್ನೆ ಬೆಟಗೇರಿಯಲ್ಲಿ ಮೆರವಣಿಗೆ ಉದ್ದವಾಯಿತು. ಅವಳಿಗೆ ದಣಿವಾಗಿರಬೇಕೆಂದು ಫಕೀರಪ್ಪ ಕೋಲು ನಿಲ್ಲಿಸಿದ. ನೀಲವ್ವ ತಿರುಗಿಯೂ ನೋಡಲಿಲ್ಲ.

“ನಿಲ್ಲಸಬ್ಯಾಡ್ರಿ,” ಎಂದಳು. “ಇನ್ನೂ ಒಂದು ಓಣಿ ಐತಿ.”