ಹೊಟ್ಟೆಗಲ್ಲ ಎಂದು ಬರೆದುಕೊಟ್ಟ ಅರ್ಜಿ

ಆ ಅರ್ಜಿ ಬರೆದವನು ನಾನೇ. ಉತ್ತಮಪಾಳಯಂ ಬಸ್ ನಿಲ್ದಾಣದ ಹಿಂದೆ ನನ್ನ ಬೀಜ-ಗೊಬ್ಬರದ ಅಂಗಡಿ. ಅಲ್ಲಿ ಒಂದು ಮೇಜು, ಐದು ಕುರ್ಚಿ ಇವೆ ಎಂಬ ಒಂದೇ ಕಾರಣಕ್ಕೆ ಗಾಳದವರ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದರು. ನಾನು ಈವರೆಗೆ ಹಿಡಿದ ಮೀನನ್ನು ಬೆರಳಲ್ಲೇ ಎಣಿಸಬಹುದು.

ಸಂಘದಲ್ಲಿ ಹನ್ನೊಂದು ಜನ. ಎಲ್ಲರೂ ನಮ್ಮವರೇ, ಹೊರಗೆ ತಮಿಳು, ಮನೆಯೊಳಗೆ ಕನ್ನಡ ಆಡುವ ಬೇಸಾಯದವರು. ಅವರಲ್ಲಿ ನಿಜವಾದ ಗಾಳದವರು ಅಂದರೆ ನನ್ನ ಅಕ್ಕ ಇಂದ್ರಾಣಿಯ ಗಂಡ ತಂಗರಾಜ್ ಬಾವ. ಮೂರು ವರ್ಷದ ಕೆಳಗೆ ಅವರಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು, ನಾಲಿಗೆ ದಪ್ಪವಾಯಿತು. ತೇನಿಯ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಇನ್ನೂರು ಸಲ ಅದುಮಿ ಎಂದರು. ಬಾವ ಅದನ್ನು ನಾಲ್ಕು ದಿನ ಅದುಮಿ, ಐದನೇ ದಿನ ಕಿಟಕಿಯಿಂದ ಎಸೆದರು. ಎಸೆದದ್ದು ಎಡಗೈಯಲ್ಲಿ. ದೂರ ಹೋಗಿ ಬಿತ್ತಂತೆ.

ಅಲ್ಲಿಂದ ಶುರುವಾಯಿತು. ಊರಾಚೆಯ ಕೆರೆಗೆ ಸರ್ಕಾರದ ದಾಖಲೆಯಲ್ಲಿ ಕರುಂಗುಳಂ ಎಂದು ಹೆಸರು, ನಮ್ಮ ಮನೆಗಳಲ್ಲಿ ಕರಿಕೆರೆ. ಅದರ ತೂಬಿನ ಬಳಿ ಪಾಂಡಿಯಮ್ಮಾಳ್ ಎಂಬ ಕೂಲಿ ಹೆಂಗಸು ಸಾರಿಗೆಂದು ದಿನಾ ಬಿದಿರ ಕೋಲಿನ ಗಾಳ ಹಾಕುತ್ತಾಳೆ. ಅವಳು ಹುಟ್ಟಾ ಎಡಚಿ. ಎಡಗೈಯಲ್ಲಿ ಕೋಲು ಬೀಸುವುದನ್ನು, ಮೊಣಕಾಲ ನಡುವೆ ಕೋಲು ಸಿಕ್ಕಿಸಿಕೊಂಡು ಎರೆಹುಳ ಚುಚ್ಚುವುದನ್ನು ಬಾವನಿಗೆ ಕಲಿಸಿದವಳು ಅವಳೇ. ಆಮೇಲೆ ಬಾವ ಪ್ರತಿದಿನ ಬೆಳಿಗ್ಗೆ ಆರಕ್ಕೆ ತೂಬಿನ ಕಟ್ಟೆಯ ಮೇಲೆ. ಹತ್ತಕ್ಕೆ ಮನೆಗೆ ಬಂದರೆ ಮುಖದಲ್ಲಿ ಒಂದು ಕಳೆ ಇರುತ್ತಿತ್ತು. ಅಕ್ಕನೂ, "ಇವ್ರು ಮನೇಲಿ ಕೂತ್ರೆ ನನ್ನ ಪಾತ್ರೆಗಳಿಗೆ ಆಯುಸ್ಸಿಲ್ಲ, ಕೆರೇಲೇ ಇರ್ಲಿ" ಎನ್ನುತ್ತಿದ್ದಳು.

ಈ ವರ್ಷ ಕೆರೆ ಗುತ್ತಿಗೆಗೆ ಹೋಯಿತು. ಇನ್ನು ಮೇಲೆ ಗಾಳ ಹಾಕುವವರೆಲ್ಲ ಲೈಸೆನ್ಸ್ ಕಾರ್ಡು ಮಾಡಿಸಬೇಕು, ಸಂಘವಿದ್ದರೆ ಸಂಘದ ಮೂಲಕವೇ ಕೇಳಬಹುದು ಎಂದು ತೇನಿಯ ಮೀನುಗಾರಿಕೆ ಆಫೀಸಿನಿಂದ ನೋಟಿಸು ಬಂತು. ನನ್ನ ಅಂಗಡಿಯಲ್ಲಿ ಸಭೆ ಸೇರಿದೆವು.

"ಆಟ ಅಂತ ಬರೀ, ಮೋಹನ್‌ರಾಜಣ್ಣಾ," ಎಂದ ವಿಘ್ನೇಶ್ವರನ್. ಅವನು ದಿಂಡಿಗಲ್ಲಿನಲ್ಲಿ ಹಲ್ಲಿನ ಡಾಕ್ಟರು. ಭಾನುವಾರ ಕಾರಿನಲ್ಲಿ ಬಂದು, ಹಿಡಿದ ಮೀನಿಗೆ ಫೋಟೋ ತೆಗೆದು ನೀರಿಗೆ ಬಿಟ್ಟು ಹೋಗುವವನು. "ಕ್ರಿಕೆಟ್ ಇದ್ದಂಗೆ ಇದೂ ಒಂದು ಆಟ. ಆಟ ಅಂದ್ರೆ ಮರ್ಯಾದೆ ಕೊಡ್ತಾರೆ."

"ಕ್ರಿಕೆಟ್ನಾಗೆ ಚೆಂಡು ಹುರಿದು ತಿಂತಾರೇನ್ಲಾ?" ಎಂದರು ಅಧ್ಯಕ್ಷರಾದ ಕಾಮರಾಜ್ ಮಾಮ. ಬಾಳೆ ತೋಟದವರು. ಎಲ್ಲರೂ ನಕ್ಕರು. ಆಮೇಲೆ ಅವರೇ ಗಂಭೀರವಾಗಿ, "ತಮಾಷೆ ಇರ್ಲಿ. ನಾವು ಮೀನು ಮಾರೋರಲ್ಲ ಅಂತ ದಪ್ಪಕ್ಷರದಾಗೆ ಬರೀ. ನಾಳೆ ಯಾರೂ ಬಾಯಿಗೆ ಬಂದಂಗೆ ಮಾತಾಡ್ಬಾರ್ದು" ಎಂದರು.

ನಮ್ಮ ಮನೆತನಗಳಲ್ಲಿ ಹಾಗೊಂದು ಕಟ್ಟು ಇದೆ. ಹಿಡಿದ ಮೀನನ್ನು ತಿನ್ನಬಹುದು, ಪಕ್ಕದ ಮನೆಗೆ ಕೊಡಬಹುದು, ತಕ್ಕಡಿಗೆ ಮಾತ್ರ ಹಾಕುವಂತಿಲ್ಲ. ಹಾಕಿದರೆ ಮಗಳಿಗೆ ಸಂಬಂಧ ನೋಡುವಾಗ ಗಂಡಿನ ಕಡೆಯವರು ಆ ಮಾತು ಎತ್ತುತ್ತಾರೆ. ಅದಕ್ಕೇ ಮಾಮನ ಮಾತಿಗೆ ಹತ್ತು ತಲೆ ಒಟ್ಟಿಗೆ ಆಡಿದವು.

ಹಾಗಲದ ಬೀಜ ಕೊಳ್ಳಲು ಬಂದಿದ್ದ ಪಾಂಡಿಯಮ್ಮಾಳ್ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ತಮಿಳಿನವಳು, ನಮ್ಮ ತೋಟಗಳಲ್ಲಿ ದುಡಿದು ನಮ್ಮ ಮಾತು ಕಲಿತಿದ್ದಾಳೆ. "ಒಟ್ಟೆಗೆ ಅಂತ ಬರೀರಿ ಸಾಮಿ. ಆಫೀಸ್ನೋರಿಗೆ ಒಟ್ಟೆ ಅಂದ್ರೆ ಗೊತ್ತಾಯ್ತದೆ, ಆಟ ಗೊತ್ತಾಗಲ್ಲ."

"ನಾವೇನು ಗತಿ ಇಲ್ದೆ ಗಾಳ ಹಾಕ್ತೀವಾ?" ಎಂದರು ಮಾಮ.

"ಗತಿ ಇದ್ದೋರು ಉಂಡ ಎಲೆ ನಾನು ಎತ್ತಿಲ್ವಾ? ಜಿಲೇಬಿ ಮೀನಿನ ಮುಳ್ಳು ಸೈತ ಉಳ್ಸಿರಲ್ಲ."

ಮತ್ತೆ ನಗು. ನಾನು ಬಾವನ ಕಡೆ ತಿರುಗಿದೆ. "ನೀವೇನಂತೀರಿ ಬಾವ?"

ಅವರು ನಿಧಾನಕ್ಕೆ, ಒಂದೊಂದೇ ಪದ ಎತ್ತಿಟ್ಟಂತೆ ಹೇಳಿದರು. "ತೂಬಿನ ಅತ್ರ... ಒಂದು ಜಾಗ. ಏನಾರಾ ಬರೀ."

ನಾನು ಬರೆದೆ. 'ಗಾಳ ನಮಗೆ ಆಟವೇ ಹೊರತು ಹೊಟ್ಟೆಪಾಡಲ್ಲ. ನಾವು ಮೀನನ್ನು ತೂಗುವವರಲ್ಲ, ಮಾರುವವರಲ್ಲ, ಅದನ್ನು ನೆಚ್ಚಿ ಬದುಕುವವರಲ್ಲ.' ಓದಿ ಹೇಳಿದಾಗ ಮಾಮ ಮೇಜು ಕುಟ್ಟಿ ಭೇಷ್ ಎಂದರು. ಎಲ್ಲರೂ ಎದ್ದುಹೋದ ಮೇಲೆ ಪಾಂಡಿಯಮ್ಮಾಳಿನ ಫಾರ್ಮನ್ನೂ ನಾನೇ ತುಂಬಿಸಿಕೊಟ್ಟೆ. ಯಾತಕ್ಕೆ ಎಂಬ ಕಡೆ ಅವಳು ಹೇಳಿದ್ದನ್ನೇ ಬರೆದೆ: 'ಮನೆಯ ಸಾರಿಗೆ.' ಎರಡಕ್ಕೂ ಒಂದೇ ಪೆನ್ನು.

ಐದು ವಾರಕ್ಕೆ ಕಾರ್ಡು ಬಂದವು. ಮಿರುಗುವ ಪ್ಲಾಸ್ಟಿಕ್ಕು, ಮೇಲೆ ಫೋಟೋ. ಬಾವ ತಮ್ಮದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ತೆಗೆದು ನೋಡಿ, ಮತ್ತೆ ಹಾಕಿಕೊಂಡರು. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದವನು ನಾನು. ಆಟದ ಗಾಳಕ್ಕೆ ಅಣೆಕಟ್ಟಿನ ಗೊತ್ತುಪಡಿಸಿದ ದಡದಲ್ಲಿ ಮಾತ್ರ ಅನುಮತಿ. ಹಿಡಿದ ಮೀನನ್ನು ನೀರಿಗೆ ಮರಳಿ ಬಿಡತಕ್ಕದ್ದು.

ಅಣೆಕಟ್ಟಿಗೆ ಎರಡು ಬಸ್ಸು ಬದಲಿಸಬೇಕು. ಇಳಿದ ಮೇಲೆ ಅರುವತ್ತು ಮೆಟ್ಟಿಲು. ಬಾವ ಮನೆಯ ಮುಂದಿನ ಎರಡು ಮೆಟ್ಟಿಲನ್ನೇ ಗೋಡೆ ಹಿಡಿದು ಇಳಿಯುವವರು.

ಮರುದಿನವೇ ತೇನಿಯ ಆಫೀಸಿಗೆ ಹೋದೆ. ಅಲ್ಲಿದ್ದವಳು ಯುವಶ್ರೀ ಎಂಬ ಚಿಕ್ಕ ವಯಸ್ಸಿನ ಅಧಿಕಾರಿ. ಕೂರಿಸಿ ಟೀ ತರಿಸಿದಳು. ಬೈಯಲು ತಯಾರಾಗಿ ಹೋದವನಿಗೆ ಅದೇ ಮೊದಲ ಸೋಲು.

"ಸಾರ್, ನಿಮ್ಮ ಅರ್ಜಿ ಪೂರ್ತಿ ಓದಿದ್ದೀನಿ. ಇಷ್ಟು ಸ್ಪಷ್ಟವಾಗಿ ಯಾರೂ ಬರೆಯಲ್ಲ," ಎಂದು ತಮಿಳಿನಲ್ಲಿ ಹೇಳಿ, ನನ್ನ ವಾಕ್ಯಗಳನ್ನು ನನಗೇ ಓದಿದಳು. "ಊರ ಕೆರೆಗಳನ್ನು ಹೊಟ್ಟೆಗೆ ಹಿಡಿಯುವವರಿಗೆ ಬಿಟ್ಟಿದ್ದಾರೆ. ಆಟದವರಿಗೆ ಅಣೆಕಟ್ಟು. ಹೊಟ್ಟೆಗಲ್ಲ ಅಂತ ನೀವೇ ಬರೆದುಕೊಟ್ಟಿದ್ದೀರಿ."

"ತಿದ್ದಿ ಕೊಡಬಹುದಾ?"

"ಸಂಘದ್ದು ಮುಂದಿನ ವರ್ಷ. ಒಬ್ಬರದು ಅಂದರೆ ಬೇರೆಯಾಗಿ ಕೊಡಿ, ನೋಡ್ತೀನಿ."

ಬಾವ ಒಪ್ಪಲಿಕ್ಕಿಲ್ಲ ಎಂದುಕೊಂಡಿದ್ದೆ. ಆದರೆ 'ನನ್ನ ಊಟಕ್ಕಾಗಿ ಮೀನು ಹಿಡಿಯುತ್ತೇನೆ' ಎಂಬ ಕಾಗದವನ್ನು ಮುಂದಿಟ್ಟ ಕೂಡಲೇ ಪೆನ್ನು ಕಿತ್ತುಕೊಂಡು ಎಡಗೈಯಲ್ಲಿ ಸೊಟ್ಟ ಸಹಿ ಹಾಕಿದರು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. "ಮನೇಲಿ ಒಟ್ಟೆಗಿಲ್ಲ ಅಂತ ಊರಿಗೆಲ್ಲ ಬರ್ಕೊಟ್ರಾ?"

"ನೀ ಆಕೋದು... ಸಾಲ್ದು ಅಂತ," ಎಂದರು ಬಾವ. ಲಕ್ವ ಹೊಡೆದ ಮೇಲೆ ಅವರು ಮಾಡಿದ ಮೊದಲ ತಮಾಷೆ. ಅಕ್ಕ ನಗುತ್ತ ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಈ ಸಲ ತೇನಿಯ ಆಫೀಸಿಗೆ ಬಾವನನ್ನೂ ಕರೆದುಕೊಂಡು ಹೋದೆ. ಆ ಹುಡುಗಿ ಅವರ ಕೈ ನೋಡಿದಳು, ಸಹಿ ನೋಡಿದಳು, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಪರದೆಯನ್ನು ನಮ್ಮ ಕಡೆ ತಿರುಗಿಸಿದಳು. ಬಾವನ ಹೆಸರಿನಲ್ಲಿ ಮೂರು ಎಕರೆ ಗದ್ದೆ. ಭೂಮಿ ಇದ್ದವರಿಗೆ ಹೊಟ್ಟೆಪಾಡಿನ ಕಾರ್ಡಿಲ್ಲ.

"ಭತ್ತ ಬೆಳೆಯೋರು ಮೀನು ತಿನ್ನಲ್ವಾ ಅಮ್ಮಾ?" ಎಂದೆ.

"ತಿಂತಾರೆ ಸಾರ್. ನಮ್ಮಪ್ಪನೂ ತಿಂತಾರೆ. ಆದರೆ ಇದರಲ್ಲಿ ಅದಕ್ಕೊಂದು ಕಾಲಂ ಇಲ್ಲ." ಅವಳ ದನಿ ಇಳಿದಿತ್ತು. ಬಾವ ಎದ್ದು ಅವಳಿಗೆ ಎಡಗೈಯಲ್ಲೇ ನಮಸ್ಕಾರ ಮಾಡಿದರು. ಯಾರ ಮೇಲೆ ಕೂಗಾಡಬೇಕು ಎಂದು ನಾನು ಬಸ್ಸಿನಲ್ಲಿ ಉತ್ತಮಪಾಳಯಂವರೆಗೂ ಯೋಚಿಸಿದೆ. ಆ ಭಾನುವಾರ ಸಂಘದ ವಾಟ್ಸಾಪಿಗೆ ವಿಘ್ನೇಶ್ವರನ್ ಅಣೆಕಟ್ಟಿನ ದಡದಿಂದ ಫೋಟೋ ಕಳಿಸಿದ್ದ. ಕೆಳಗೆ ಬರೆದಿದ್ದ: ನಮ್ಮ ಸಂಘಕ್ಕೆ ಜಯ. ಕಾಮರಾಜ್ ಮಾಮ ಕೈಮುಗಿದ ಚಿತ್ರ ಹಾಕಿದ್ದರು.

ಸೋಮವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. "ಕೋಲು ತಕ್ಕೊಂಡು ಓಗವ್ರೆ ಕಣೋ. ನಾನು ಏಳಿದ್ರೆ ಕೇಳಲ್ಲ."

ನಾನು ಹೋಗುವ ಹೊತ್ತಿಗೆ ಗುತ್ತಿಗೆದಾರರ ಕಾವಲುಗಾರ ಮಾರಿಮುತ್ತು ಬಾವನ ಪಕ್ಕ ಕುಕ್ಕರಗಾಲಲ್ಲಿ ಕೂತು ಕಾರ್ಡು ನೋಡುತ್ತಿದ್ದ. ಹಿಂದೆ ಬಾವನ ಗದ್ದೆಯಲ್ಲೇ ನೀರು ಕಟ್ಟುತ್ತಿದ್ದವನು. "ಇದು ಅಣೆಕಟ್ಟಿಂದು ಅಯ್ಯಾ," ಎನ್ನುತ್ತಿದ್ದ. "ನಾನು ಕಣ್ಣು ಮುಚ್ಕಂಡ್ರೆ ನನ್ನ ಕೆಲ್ಸ ಓಯ್ತದೆ. ನಾನು ಏನ್ ಮಾಡ್ಲಿ ಅಂತ ನೀವೇ ಏಳಿ."

ಬಾವ ಕೋಲನ್ನು ನನ್ನ ಕೈಗೆ ಕೊಟ್ಟರು.

ಪಕ್ಕದಲ್ಲಿ ಪಾಂಡಿಯಮ್ಮಾಳ್ ಕೂತಿದ್ದಳು. ಅವಳ ಕಾರ್ಡನ್ನು ಪಿನ್ನಿನಿಂದ ಸೆರಗಿಗೆ ಚುಚ್ಚಿಕೊಂಡಿದ್ದಳು. "ನಂದು ಇಡ್ಕಳಿ ಅಯ್ಯಾ, ನಾ ಒಂದು ಗಳಿಗೆ ಎಲೆ-ಅಡಿಕೆ ಆಕ್ಕತೀನಿ" ಎಂದು ಕೋಲು ಚಾಚಿದಳು. ಮಾರಿಮುತ್ತು ಬಾಯಿ ತೆರೆದ. ಅವನು ಮಾತಾಡುವ ಮೊದಲೇ ಬಾವ ತಲೆ ಅಲ್ಲಾಡಿಸಿ ಬೇಡವೆಂದರು. ಅವನು ನೀರಿನ ಕಡೆ ಮುಖ ತಿರುಗಿಸಿಕೊಂಡ.

ಅವಳ ಗಾಳದ ಬೆಂಡು ನೀರ ಮೇಲೆ ಒಮ್ಮೆ ಅಲುಗಿತು. ಎರಡನೇ ಸಲ ಅಲುಗಿ ಮುಳುಗಿತು.

"ಈಗ," ಎಂದರು ಬಾವ.

ಅವಳು ಬೆಂಡು ನೋಡುತ್ತಿರಲಿಲ್ಲ, ಬಾವನ ಮುಖ ನೋಡುತ್ತಿದ್ದಳು. ಎಳೆದಾಗ ಬರಿಯ ಕೊಕ್ಕೆ ಬಂತು. "ನೀವು ಈಗ ಅಂದಿದ್ದೇ ಲೇಟು ಅಯ್ಯಾ," ಎಂದು ಗದರಿ, ಹೊಸ ಹುಳ ಹುಡುಕತೊಡಗಿದಳು.

"ಮನೆಗೆ ಹೋಗಣ ಬಾವ," ಎಂದೆ.

"ಇರು. ಇನ್ನೊಂದು... ಬತ್ತದೆ."

ಕೋಲು ಹಿಡಿದುಕೊಂಡು ನಾನು ಅವರ ಹಿಂದೆಯೇ ನಿಂತೆ. ಮೊಣಕಾಲ ಮೇಲಿದ್ದ ಅವರ ಎಡಗೈ ಮುಚ್ಚಿತು, ತೆರೆಯಿತು, ಮತ್ತೆ ಮುಚ್ಚಿತು, ಡಾಕ್ಟರು ಕೊಟ್ಟ ಚೆಂಡು ಅದರಲ್ಲೇ ಇದ್ದ ಹಾಗೆ.